ಗಜನಿಯಲ್ಲಿ ಏನು ಬೆಳೆಯಲಿ ಎನ್ನುವ ಮೊದಲು ತೂಬಿನ ಬಾಗಿಲು ಯಾರ ಕೈಲಿದೆ ನೋಡಿ

ಪ್ರಶ್ನೆ: ನಮ್ಮದು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ ದಂಡೆಯ ಊರು. ಅಜ್ಜನ ಕಾಲದಿಂದ ಬಂದ ನಾಲ್ಕು ಎಕರೆ ಗಜನಿ, ಅಂದರೆ ಅಳಿವೆ ಪಕ್ಕ ಒಡ್ಡು ಕಟ್ಟಿ ಮಾಡಿದ ತಗ್ಗು ಗದ್ದೆ, ಇದೆ. ಒಡ್ಡು ಒಂದು ಕಡೆ ಒಡೆದಿದೆ, ಹಲವು ವರ್ಷದಿಂದ ಭತ್ತ ಬೆಳೆದಿಲ್ಲ. ಹೊಳೆಯ ಕಡೆ ಸುಮಾರು ಒಂದು ಎಕರೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ತಾನಾಗಿಯೇ ಎದ್ದಿದೆ. ಒಬ್ಬರು ಸಿಗಡಿ ಕೆರೆ ಮಾಡಲು ಐದು ವರ್ಷಕ್ಕೆ ಲೀಸ್ ಕೇಳುತ್ತಿದ್ದಾರೆ. ತಮ್ಮ ಮತ್ತೆ ಉಪ್ಪು ತಡೆಯುವ ಕಗ್ಗ ಭತ್ತ ಬಿತ್ತೋಣ ಎನ್ನುತ್ತಾನೆ. ಸ್ನೇಹಿತರು ಪೂರ್ತಿ ಕಾಂಡ್ಲಾ ನೆಡಿ ಎನ್ನುತ್ತಾರೆ. ಅಳಿವೆ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಜಮೀನು ಕೈತಪ್ಪುತ್ತದೆ ಎಂಬ ಭಯ ಅಮ್ಮನಿಗೆ. ಯಾವುದು ಸರಿ?

ಉತ್ತರ:

ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದು ನಿಜ. ಪಟ್ಟಿಗೆ ಸೇರಿದ ಮಾತ್ರಕ್ಕೆ ಯಾರ ಪಹಣಿಯೂ ಬದಲಾಗುವುದಿಲ್ಲ. ನೀರು ನೆಲವನ್ನು ಹಾಳು ಮಾಡದೆ ಬಳಸಿ ಎನ್ನುವುದೇ ಆ ಒಪ್ಪಂದದ ತಿರುಳು. ಬಳಸಲೇಬೇಡಿ ಎಂದು ಅದು ಹೇಳುವುದಿಲ್ಲ. ಬಳಚು ಎಂಬ ಚಿಪ್ಪುಮೀನು ಹೆಕ್ಕುವುದು, ಮೀನು ಹಿಡಿಯುವುದು, ಕಗ್ಗ ಬೆಳೆಯುವುದು, ಸಾಣಿಕಟ್ಟೆಯಲ್ಲಿ ಉಪ್ಪು ತೆಗೆಯುವುದು ಎಲ್ಲವೂ ಇದ್ದ ಜಾಗವನ್ನೇ ಪಟ್ಟಿಗೆ ಸೇರಿಸಿದ್ದಾರೆ. ಜಮೀನಿನ ಮೇಲೆ ನಿಜವಾಗಿ ಅನ್ವಯಿಸುವ ಕಾನೂನುಗಳು ಬೇರೆ ಇವೆ. ಸಿಗಡಿ ವಿಷಯಕ್ಕೆ ಬಂದಾಗ ಅವನ್ನು ಹೇಳುತ್ತೇನೆ.

ಈಗ ನಿಮ್ಮ ಮೂರು ದಾರಿಗಳು. ಸಿಗಡಿ, ಕಗ್ಗ, ಕಾಂಡ್ಲಾ, ಈ ಮೂರರಲ್ಲಿ ಒಂದನ್ನು ಆರಿಸಬೇಕು ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಗಜನಿಯಲ್ಲಿ ಏನು ಬದುಕುತ್ತದೆ ಎನ್ನುವುದು ನೀರು ಯಾವಾಗ ಒಳಗೆ ಬರುತ್ತದೆ, ಯಾವಾಗ ಹೊರಗೆ ಹೋಗುತ್ತದೆ ಎನ್ನುವುದರ ಮೇಲೆ ನಿಂತಿದೆ. ಅದನ್ನು ನಡೆಸುವುದು ತೂಬಿನ ಬಾಗಿಲು. ನಿಮ್ಮ ನಾಲ್ಕು ಎಕರೆಗೆ ಪ್ರತ್ಯೇಕ ಬಾಗಿಲು ಇರಲಾರದು. ಇಡೀ ಗಜನಿಗೆ ಸೇರಿ ಒಂದೋ ಎರಡೋ ಇರುತ್ತವೆ. ಹಾಗಾಗಿ ಈ ತೀರ್ಮಾನ ನಿಮ್ಮ ಮನೆಯ ಒಳಗೆ ಮುಗಿಯುವಂಥದ್ದಲ್ಲ.

ನೀರಿನ ಲೆಕ್ಕ ಹೀಗಿದೆ. ಶಿರಸಿ ಕಡೆಯಿಂದ ಹುಟ್ಟಿ ಬರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಘಟ್ಟದ ನೀರೆಲ್ಲ ನೇರ ಇಳಿಯುತ್ತದೆ. ಕರಾವಳಿಯಲ್ಲೇ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ. ಜುಲೈ ಹೊತ್ತಿಗೆ ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿಯಾಗುತ್ತದೆ. ಮಳೆ ನಿಂತ ಮೇಲೆ ಉಪ್ಪು ಮೆಲ್ಲಗೆ ಮೇಲಕ್ಕೆ ಏರುತ್ತಾ ಹೋಗಿ, ಮೇ ತಿಂಗಳಲ್ಲಿ ಅಳಿವೆ ಬಾಯಿಯ ಹತ್ತಿರ ಸಮುದ್ರದಷ್ಟೇ ಉಪ್ಪಾಗುತ್ತದೆ. ಇದರ ಜೊತೆಗೆ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಒಂದೂವರೆ ಮೀಟರ್ ಹತ್ತಿರ ಇರುತ್ತದೆ.

ಅಲ್ಲಿನ ಜೀವಿಗಳೆಲ್ಲ ಈ ಲೆಕ್ಕಕ್ಕೆ ಹೊಂದಿಕೊಂಡಿವೆ. ಸಿಗಡಿ ಮೊಟ್ಟೆ ಇಡುವುದು ಸಮುದ್ರದಲ್ಲಿ. ತೀರಾ ಸಣ್ಣ ಮರಿಗಳು ಉಬ್ಬರದ ಜೊತೆ ಅಳಿವೆಗೆ ಬಂದು, ಕಾಂಡ್ಲಾ ಬೇರಿನ ಸಂದಿಯಲ್ಲಿ, ಗಜನಿಯ ಕೆಸರಿನಲ್ಲಿ ಬೆಳೆದು, ಮತ್ತೆ ಸಮುದ್ರಕ್ಕೆ ಹೋಗುತ್ತವೆ. ಕಾಂಡ್ಲಾದ ಎಲೆ ಉದುರಿ ಕೊಳೆಯುತ್ತದೆ, ಅದನ್ನು ಏಡಿ ತಿನ್ನುತ್ತದೆ, ಉಳಿದದ್ದು ಸಣ್ಣ ಜೀವಿಗಳ ಪಾಲಾಗುತ್ತದೆ. ಮರಳುಗೆಸರಿನ ದಿಬ್ಬದಲ್ಲಿ ಹುದುಗಿರುವ ಬಳಚು ನೀರು ಸೋಸಿ ತಿಂದು ಬದುಕುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಮೀನು ಸಿಗುತ್ತದೆ ಎಂದು ಹಿಂದೆ ಅಂದಾಜು ಮಾಡಿದ್ದರು. ಯಾರೂ ಬಿತ್ತದೆ, ಗೊಬ್ಬರ ಹಾಕದೆ ಬಂದ ಫಸಲು ಅದು.

ಈ ನೀರಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ, ಹೊನ್ನಾವರ ಸಾಕು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುತ್ ತೆಗೆದ ನೀರು ವರ್ಷವಿಡೀ ಹರಿದು ಬರುವುದರಿಂದ ಬೇಸಿಗೆಯಲ್ಲೂ ಆ ಅಳಿವೆಗೆ ಬೇಕಾದಷ್ಟು ಉಪ್ಪು ಏರುವುದಿಲ್ಲ. ಉಪ್ಪು ಬೇಕಾದ ಚಿಪ್ಪುಮೀನುಗಳು ಅಲ್ಲಿ ಹೋಗಿಬಿಟ್ಟವು. ಸಿಹಿನೀರು ತಡೆಯುವ ಜಾತಿ ಉಳಿಯಿತು. ನೀರು ಕೊಳಕಾಗಿ ಸತ್ತದ್ದಲ್ಲ, ನೋಡಿ. ಸಿಹಿ ಜಾಸ್ತಿಯಾಗಿ ಹೋದದ್ದು. ಅಘನಾಶಿನಿಯ ನೀರನ್ನು ವೇದಾವತಿ ಕಡೆ ತಿರುಗಿಸುವ ಯೋಜನೆಯ ಮಾತು ಬಂದಾಗೆಲ್ಲ ನನಗೆ ಸಂಕಟವಾಗುವುದು ಇದಕ್ಕೇ. ಅಲ್ಲಿ ಆಗುವುದು ಇದರ ಉಲ್ಟಾ. ಸಿಹಿನೀರು ಕಡಿಮೆಯಾದರೆ ಮಳೆಗಾಲ ಮುಗಿದ ಕೂಡಲೇ ಉಪ್ಪು ಮೇಲೇರುತ್ತದೆ, ನಿಮ್ಮ ಬಾವಿಯವರೆಗೂ ಬರಬಹುದು.

ನಿಮ್ಮ ಗಜನಿಯೂ ಸಣ್ಣ ಅಳತೆಯಲ್ಲಿ ಇದೇ ಅಳಿವೆ. ನಿಮ್ಮ ಅಜ್ಜನ ಕಾಲದ ಪದ್ಧತಿಯಲ್ಲಿ ಇದು ಗೊತ್ತಿದ್ದ ಜಾಣತನ ಇತ್ತು. ಮಳೆ ಹಿಡಿಯುವ ಮೊದಲು ಒಡ್ಡು ಸರಿಮಾಡಿ, ಇಳಿತದಲ್ಲಿ ನೀರು ಹೊರಗೆ ಬಿಟ್ಟು, ಉಬ್ಬರಕ್ಕೆ ಬಾಗಿಲು ಹಾಕುತ್ತಿದ್ದರು. ಜೂನ್ ಮಳೆ ನೆಲದ ಉಪ್ಪನ್ನು ತೊಳೆದು ಕೊಡುತ್ತಿತ್ತು. ಮೊಳಕೆ ಬರಿಸಿದ ಕಗ್ಗ ಚೆಲ್ಲುತ್ತಿದ್ದರು. ಗೊಬ್ಬರ ಇಲ್ಲ, ಔಷಧಿ ಇಲ್ಲ. ಎತ್ತರಕ್ಕೆ ಬೆಳೆಯುವ ಭತ್ತ ಅದು. ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ. ಮಳೆಗಾಲ ಕಳೆದ ಮೇಲೆ ತೆನೆಯ ಕಡೆ ಮಾತ್ರ ಕೊಯ್ದು ಕೆಳಗಿನ ಹುಲ್ಲು ಹಾಗೇ ಬಿಡುತ್ತಿದ್ದರು. ಆಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಡುತ್ತಿದ್ದರು. ಆ ಹುಲ್ಲು ಕೊಳೆತು ಸಿಗಡಿ, ಮೀನಿಗೆ ಮೇವು. ಅಮಾವಾಸ್ಯೆ, ಹುಣ್ಣಿಮೆಯ ಇಳಿತಕ್ಕೆ ಬಾಗಿಲಿಗೆ ಬಲೆ ಕಟ್ಟಿದರೆ ಮೀನು. ಮೀನಿನ ಹಿಕ್ಕೆ, ಹೊಳೆ ತಂದ ಹೊಸ ಕೆಸರು, ಇವೆರಡು ಮುಂದಿನ ಕಗ್ಗಕ್ಕೆ ಗೊಬ್ಬರ. ಕೇರಳದ ಪೊಕ್ಕಾಳಿ ಗದ್ದೆ, ಗೋವಾದ ಖಜಾನ್ ಜಮೀನು ನಡೆಯುವುದೂ ಈ ರೀತಿಯಲ್ಲೇ. ಪೊಕ್ಕಾಳಿ ಅಕ್ಕಿಗೆ 2008ರಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಇದು ಕೆಟ್ಟದ್ದು ಎಲ್ಲಿ? 1970ರ ದಶಕದಲ್ಲಿ ಉಪ್ಪುನೀರು ತಡೆಯುವ ಸರ್ಕಾರಿ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಮಣ್ಣಿನ ಒಡ್ಡಿನ ಜಾಗಕ್ಕೆ ಕಲ್ಲಿನ ಗಟ್ಟಿ ಒಡ್ಡು ಬಂತು. ಮೊದಲು ಒಡ್ಡಿನ ಹೊರಮೈಗೆ ಕಾಂಡ್ಲಾ ಬೇಕಿತ್ತು, ಅಲೆ ತಡೆಯಲು. ಕಲ್ಲು ಬಂದ ಮೇಲೆ ಅದು ಬೇಡವಾಯಿತು, ಕಡಿದರು. ಅದೇ ಹೊತ್ತಿಗೆ ಭೂಸುಧಾರಣೆ ಬಂದು ಉಳುವವರಿಗೆ ಜಮೀನು ಸಿಕ್ಕಿತು. ಅದು ಆಗಬೇಕಾದ ನ್ಯಾಯವೇ. ಆದರೆ ಹಿಂದೆ ಒಬ್ಬರ ಮಾತಿನಲ್ಲಿ ನಡೆಯುತ್ತಿದ್ದ ಒಡ್ಡಿನ ಕೆಲಸಕ್ಕೆ ಈಗ ನೂರು ಮನೆಯವರು ಒಪ್ಪಬೇಕಾಯಿತು, ಆ ವ್ಯವಸ್ಥೆಯನ್ನು ಯಾರೂ ಕಟ್ಟಿಕೊಡಲಿಲ್ಲ. ಜೊತೆಗೆ ಸಿಗಡಿಗೆ ಬೆಲೆ ಬಂತು. ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುವುದು ಶುರುವಾಯಿತು. ಹರಾಜು ಹಿಡಿದವರಿಗೆ ಬಾಗಿಲು ಆದಷ್ಟು ದಿನ ತೆರೆದಿದ್ದರೆ ಲಾಭ. ಮೇ ತಿಂಗಳ ಕಡೆಯವರೆಗೂ ಉಪ್ಪುನೀರು ಒಳಗೇ ಇದ್ದರೆ ಜೂನ್ ಮಳೆಗೆ ಅದನ್ನು ತೊಳೆಯಲು ಸಮಯ ಸಾಲದು. ಒಂದು ವರ್ಷ ಕಗ್ಗ ಹೋಯಿತು, ಎರಡನೇ ವರ್ಷ ಕೆಲವರು ಬಿತ್ತಲಿಲ್ಲ. ಬಿತ್ತಿದವರ ಗದ್ದೆಗೆ ಊರಿನ ಹಕ್ಕಿಯೆಲ್ಲ ಬಂದು ಕೂತಿತು. ಮೂರನೇ ವರ್ಷ ಅವರೂ ಬಿಟ್ಟರು. ಕರಾವಳಿಯಲ್ಲಿ ಪಾಳು ಬಿದ್ದ ಗಜನಿಗಳ ಹಿಂದೆ ಬಹುಪಾಲು ಇದೇ ಕತೆ. ನಿಮ್ಮ ಊರಿನ ಹಿರಿಯರನ್ನು ಕೇಳಿ, ಅವರಿಗೆ ಹೆಸರು ಸಮೇತ ಗೊತ್ತಿರುತ್ತದೆ.

ಈಗ ಲೀಸ್ ವಿಷಯ. ಕೊಡಬೇಡಿ ಎಂದೇ ನನ್ನ ಸಲಹೆ. ಕಾರಣ ಬರೀ ಪರಿಸರದ್ದಲ್ಲ, ನಿಮ್ಮ ಮಣ್ಣಿನದು.

ಹಳೆಯ ಕಾಂಡ್ಲಾ ಕೆಸರಿನ ಮೇಲೆ ಆದ ನೆಲದಲ್ಲಿ ಗಂಧಕ ಕಬ್ಬಿಣದ ಜೊತೆ ಸೇರಿ ಕೂತಿರುತ್ತದೆ. ನೀರಿನಡಿ ಇರುವವರೆಗೆ ಅದರಿಂದ ತೊಂದರೆ ಇಲ್ಲ. ಯಂತ್ರ ಇಳಿಸಿ ಆಳಕ್ಕೆ ಅಗೆದು, ಆ ಮಣ್ಣನ್ನು ದಂಡೆಗೆ ಹಾಕಿ ಒಣಗಿಸಿದರೆ, ಗಾಳಿ ತಾಗಿ ಗಂಧಕಾಮ್ಲವಾಗುತ್ತದೆ. ಮೊದಲ ಮಳೆಗೆ ಆ ಹುಳಿನೀರು ಕೆರೆಗೂ ತೋಡಿಗೂ ಇಳಿಯುತ್ತದೆ, ಮೀನು ಸಾಯುತ್ತದೆ. ಸುಣ್ಣ ಸುರಿದು ಕೆಲವು ವರ್ಷ ತಳ್ಳಬಹುದು. ಲೀಸ್ ಮುಗಿದ ಮೇಲೆ ಆ ನೆಲ ನಿಮ್ಮದು, ಸುಣ್ಣದ ಖರ್ಚೂ ನಿಮ್ಮದು. ನಿಮ್ಮ ಮಣ್ಣು ಹೇಗಿದೆ ಎಂದು ಸುಲಭವಾಗಿ ನೋಡಬಹುದು. ಮೊಣಕೈ ಆಳದಿಂದ ಒಂದು ಹಿಡಿ ಕೆಸರು ತೆಗೆಯಿರಿ. ಕಪ್ಪಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಚ್ಚರ. ಅದನ್ನು ಕೆಲವು ವಾರ ನೆರಳಲ್ಲಿ ತೇವ ಆರದ ಹಾಗೆ ಗಾಳಿಗೆ ಇಡಿ. ಒಣಹುಲ್ಲಿನ ಬಣ್ಣದ ತಿಳಿಹಳದಿ ಕಲೆ ಎದ್ದರೆ ಅನುಮಾನ ಬಲವಾಯಿತು. ಮಣ್ಣು ಪರೀಕ್ಷೆ ಮಾಡಿಸುವಾಗ ಹಸಿ ಮಣ್ಣಿನದ್ದೂ ಹೀಗೆ ಗಾಳಿಗೆ ಇಟ್ಟ ಮಣ್ಣಿನದ್ದೂ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಎರಡನ್ನೂ ಕೇಳಿ. ಎರಡನೆಯದು 4ಕ್ಕಿಂತ ಕೆಳಗೆ ಬಿದ್ದರೆ ಆ ಜಾಗದಲ್ಲಿ ಆಳಕ್ಕೆ ಅಗೆಯುವ ಮಾತೇ ಬೇಡ.

ರೋಗದ ವಿಷಯ ನಿಮಗೇ ಗೊತ್ತಿರಬೇಕು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಕರಾವಳಿಯ ಎಷ್ಟೋ ಸಿಗಡಿ ಕೆರೆಗಳು ಖಾಲಿಯಾದವು. ಒಂದು ಕೆರೆಯ ನೀರು ಹೊರಗೆ ಬಿಟ್ಟರೆ ಉಬ್ಬರಕ್ಕೆ ಅದೇ ನೀರು ಪಕ್ಕದ ಕೆರೆಗೆ ಹೋಗುತ್ತದೆ. ಏಡಿಗೂ ಆ ರೋಗಾಣು ತಗಲುತ್ತದೆ, ಒಡ್ಡು ಕಟ್ಟಿ ಅದನ್ನು ತಡೆಯಲಾಗದು.

ಕಾನೂನಿನಲ್ಲೂ ದಾರಿ ಸಲೀಸಾಗಿಲ್ಲ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗೆ (ಸಿಆರ್‌ಝಡ್) ಸಾಂಪ್ರದಾಯಿಕ ಪದ್ಧತಿ ಬಿಟ್ಟು ಉಳಿದ ಸಿಗಡಿ ಕೆರೆಗಳಿಗೆ ತಡೆ ಹಾಕಿತು. ಆಮೇಲೆ 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂದು, ನೋಂದಣಿ ಕಡ್ಡಾಯವಾಯಿತು. ಕಾಂಡ್ಲಾ ಕಡಿದು ಸಿಗಡಿ ಕೆರೆ ಮಾಡಲು ಅದರ ನಿಯಮಗಳಲ್ಲಿ ಅವಕಾಶ ಇಲ್ಲ. 2019ರ ಸಿಆರ್‌ಝಡ್ ಅಧಿಸೂಚನೆಯಲ್ಲಿ ಕಾಂಡ್ಲಾ ಇರುವ ಜಾಗ ಅತಿ ಸೂಕ್ಷ್ಮ ವರ್ಗಕ್ಕೆ ಸೇರಿದೆ. ನಿಮ್ಮ ಸರ್ವೆ ನಂಬರ್ ಯಾವ ವರ್ಗದಲ್ಲಿ ಬರುತ್ತದೆ ಎಂದು ಕಾರವಾರದ ಪರಿಸರ ಇಲಾಖೆ ಕಚೇರಿಯಲ್ಲಿ ನಕ್ಷೆ ನೋಡಿ ಬರಹದಲ್ಲಿ ಪಡೆಯಿರಿ. ಲೀಸ್ ಕೇಳಿದವರು ತೋರಿಸುವ ಕಾಗದವನ್ನೇ ನಂಬಬೇಡಿ. ಜಮೀನು ನಿಮ್ಮ ಹೆಸರಲ್ಲಿದ್ದರೆ ನೋಟಿಸೂ ನಿಮ್ಮ ಹೆಸರಿಗೆ ಬರುತ್ತದೆ, ಅಲ್ವಾ?

ಇನ್ನು ಸ್ನೇಹಿತರ ಸಲಹೆ. ಅವರ ಕಾಳಜಿಗೆ ಗೌರವ ಇದೆ, ಆದರೆ ನಾಲ್ಕೂ ಎಕರೆಗೆ ಕಾಂಡ್ಲಾ ನೆಡುವುದನ್ನು ನಾನು ಒಪ್ಪುವುದಿಲ್ಲ. ಕಾಂಡ್ಲಾ ಬದುಕುವುದು ಒಂದು ಮಟ್ಟದಲ್ಲಿ ಮಾತ್ರ. ಉಬ್ಬರಕ್ಕೆ ನೀರು ಮುಟ್ಟಬೇಕು, ಇಳಿತಕ್ಕೆ ಬೇರು ಗಾಳಿಗೆ ತೆರೆದುಕೊಳ್ಳಬೇಕು. ಯಾವಾಗಲೂ ನೀರು ನಿಂತರೆ ಉಸಿರು ಕಟ್ಟಿ ಸಾಯುತ್ತದೆ. ಒಡ್ಡಿನೊಳಗಿನ ನೆಲಕ್ಕೆ ಹಲವು ವರ್ಷ ಹೊಳೆಯ ಕೆಸರು ಹೊರಗಿನಷ್ಟು ಬಿದ್ದಿರುವುದಿಲ್ಲ, ಹಾಗಾಗಿ ಹೊರಗಿನ ನೆಲಕ್ಕಿಂತ ತಗ್ಗಾಗಿರುತ್ತದೆ. ಅಂಥ ಕಡೆ ನೆಟ್ಟದ್ದು ಉಳಿಯುವುದು ಕಷ್ಟ. ನಿಮ್ಮ ಒಂದು ಎಕರೆಯಲ್ಲಿ ಗಿಡ ತಾನಾಗಿ ಎದ್ದಿದೆ ಎಂದರೆ ಅಲ್ಲಿ ಮಟ್ಟ ಸರಿ ಇದೆ ಎಂದರ್ಥ. ಉಳಿದ ಮೂರರಲ್ಲಿ ಬಂದಿಲ್ಲ, ಅದಕ್ಕೂ ಕಾರಣ ಇದೆ. ಬೀಜ ಉಬ್ಬರದ ಜೊತೆ ಅಲ್ಲಿಗೂ ಹೋಗಿಯೇ ಇರುತ್ತದೆ.

ಇನ್ನೂ ಒಂದು ಮಾತು, ಇದನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಕಾಂಡ್ಲಾ ನೆಡುವ ಉತ್ಸಾಹದಲ್ಲಿ ಬಳಚಿನ ದಿಬ್ಬಗಳ ಮೇಲೆ, ಬಯಲು ಕೆಸರಿನ ಮೇಲೆ ಸಾಲಾಗಿ ಕೋಡುಬೀಜ ಚುಚ್ಚುವ ಕೆಲಸ ಕರಾವಳಿಯಲ್ಲಿ ಅಲ್ಲಲ್ಲಿ ನಡೆಯುತ್ತದೆ. ದಯವಿಟ್ಟು ಅದು ಬೇಡ. ಬರಿದಾಗಿ ಕಾಣುವ ಆ ಕೆಸರು ಖಾಲಿ ಜಾಗವಲ್ಲ. ಚಳಿಗಾಲದಲ್ಲಿ ಸಾವಿರಾರು ಕಿಲೋಮೀಟರ್ ಹಾರಿ ಬರುವ ಹಕ್ಕಿಗಳಿಗೆ ಅಲ್ಲೇ ಊಟ. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಬಳಚು ಹೆಕ್ಕುವ ಹೆಂಗಸರಿಗೆ ಅಲ್ಲೇ ಅನ್ನ. ಗಿಡ ಬೇರೂರಿದರೆ ಕೆಸರು ಕಟ್ಟಿ ನೆಲ ಎತ್ತರವಾಗುತ್ತದೆ, ಬಳಚು ಹೋಗುತ್ತದೆ. ಆ ಹೆಂಗಸರ ಹೆಸರು ಯಾವ ಪಹಣಿಯಲ್ಲೂ ಇಲ್ಲ, ಹಾಗಾಗಿ ಅವರನ್ನು ಯಾರೂ ಕೇಳುವುದೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಎದ್ದಿರುವ ಒಂದು ಎಕರೆ ಕಾಂಡ್ಲಾ ಹಾಗೇ ಇರಲಿ. ಅದಕ್ಕೆ ನೀರು ಹೋಗಿ ಬರುವ ತೋಡು ಮುಚ್ಚದ ಹಾಗೆ ನೋಡಿಕೊಳ್ಳಿ, ಬೇರೇನೂ ಬೇಡ. ಒಡ್ಡಿಗೆ ಇನ್ನು ಮುಂದೆ ಅದೇ ಕಾವಲು. ಒಡೆದ ಒಡ್ಡನ್ನು ಹಳೆಯ ಗೆರೆಯಲ್ಲೇ ಕಟ್ಟಬೇಕು ಅಂತಿಲ್ಲ. ಕಾಂಡ್ಲಾವನ್ನು ಹೊರಗೆ ಬಿಟ್ಟು, ಅದರ ಒಳಬದಿಯಲ್ಲಿ ಕಟ್ಟಿದರೆ ಅಲೆಯ ಹೊಡೆತ ಕಡಿಮೆ, ಖರ್ಚೂ ಕಡಿಮೆ. ಇದಕ್ಕೂ ಸಿಆರ್‌ಝಡ್ ಒಪ್ಪಿಗೆ ಕೇಳಿಯೇ ಮುಂದುವರಿಯಿರಿ.

ಉಳಿದ ಮೂರು ಎಕರೆಗೆ ತಮ್ಮ ಹೇಳಿದ್ದೇ ಸರಿ, ಒಂದು ಷರತ್ತಿನ ಮೇಲೆ. ಗಜನಿಯ ಉಳಿದವರೂ ಕಗ್ಗಕ್ಕೆ ಒಪ್ಪಬೇಕು. ಎಲ್ಲರೂ ಅಲ್ಲದಿದ್ದರೂ ಒಂದೇ ಬಾಗಿಲಿನ ನೀರು ಕುಡಿಯುವ ಒಂದು ದೊಡ್ಡ ತುಂಡಾದರೂ ಆಗಬೇಕು. ಒಬ್ಬರೇ ಬೆಳೆದರೆ ಹಕ್ಕಿಯ ಪಾಲು, ಅದನ್ನು ಆಗಲೇ ಹೇಳಿದೆ. ಬೀಜ, ಅನುಭವ ಎರಡಕ್ಕೂ ಮಾಣಿಕಟ್ಟಾ ಕಡೆಯ ರೈತರನ್ನು ಕಾಣಿ. ಕಗ್ಗವನ್ನು ಒಟ್ಟಾಗಿ ಉಳಿಸಿಕೊಂಡು ಬಂದವರು ಅವರು. ನಿಮ್ಮ ತಮ್ಮ ಒಂದು ಮಳೆಗಾಲ ಅವರ ಜೊತೆ ಓಡಾಡಿದರೆ ಯಾವ ಪುಸ್ತಕಕ್ಕಿಂತ ಜಾಸ್ತಿ ಕಲಿಯುತ್ತಾನೆ.

ಇಳುವರಿ ಬಗ್ಗೆ ಸುಳ್ಳು ಆಸೆ ಹುಟ್ಟಿಸಲಾರೆ. ಕಗ್ಗ ಕಡಿಮೆ ಕೊಡುವ ಭತ್ತ. ಅಕ್ಕಿಯ ದುಡ್ಡೊಂದರಿಂದಲೇ ಒಡ್ಡಿನ ಖರ್ಚು ಹುಟ್ಟದು. ಲೆಕ್ಕ ಸರಿಹೋಗುವುದು ಬೇಸಿಗೆಯ ಮೀನು, ಸಿಗಡಿಯ ಪಾಲು ಸೇರಿಸಿದಾಗ. ಹಾಗಾಗಿಯೇ ಮೀನಿನ ಹರಾಜನ್ನು ಪೂರ್ತಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಅದರ ಕರಾರು ಬದಲಿಸಿ ಎನ್ನುತ್ತೇನೆ. ಕರಾರಿನಲ್ಲಿ ದಿನಾಂಕ ಬರಬೇಕು. ಕೊಯ್ಲು ಪೂರ್ತಿ ಮುಗಿಯುವ ಮೊದಲು ಉಪ್ಪುನೀರು ಬಿಡುವಂತಿಲ್ಲ. ಏಪ್ರಿಲ್ ಕಡೆಗೆ ಮೀನಿನ ಕೆಲಸ ಮುಗಿಸಿ, ಮೇ ತಿಂಗಳಿಂದ ಬಾಗಿಲು ಬೇಸಾಯದವರ ಕೈಗೆ ಬರಬೇಕು. ತಪ್ಪಿದರೆ ಠೇವಣಿ ಮುಟ್ಟುಗೋಲು. ಹರಾಜಿನ ಹಣದಲ್ಲಿ ಇಂತಿಷ್ಟು ಪಾಲು ಒಡ್ಡಿಗೆ ಎಂದು ಮೊದಲೇ ಎತ್ತಿಡಬೇಕು. ಗಜನಿ ರೈತರ ಸಂಘದ ಪುಸ್ತಕದಲ್ಲಿ ಬಳಚು ಹೆಕ್ಕುವವರ ಹೆಸರೂ ಇರಲಿ, ಬಾಗಿಲಿನ ಹೊರಗಿನ ದಿಬ್ಬ ಅವರದು.

ಕಗ್ಗ ಉಪ್ಪು ತಡೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತು. ಯಾವ ಭತ್ತವಾದರೂ ಎಳೆ ಸಸಿಯಾಗಿರುವಾಗ ಮತ್ತು ಹೂ ಬಿಡುವಾಗ ಉಪ್ಪಿಗೆ ಸೋಲುತ್ತದೆ. ಮೊದಲನೆಯ ಅಪಾಯ ಜೂನ್‌ನಲ್ಲಿ, ಮಳೆ ತಡವಾದರೆ. ಎರಡನೆಯದು ಹೂ ಬಿಡುವ ಹೊತ್ತಿಗೆ ಮಳೆ ಬಿಡುವು ಕೊಟ್ಟು, ಸೋರುವ ಬಾಗಿಲಿನಿಂದ ಉಪ್ಪು ಒಳಗೆ ನುಸುಳಿದರೆ. ಈ ಎರಡನೆಯದನ್ನು ಜನ ಗಮನಿಸುವುದಿಲ್ಲ. ಗದ್ದೆ ಹಸಿರಾಗಿ ಚಂದ ಕಾಣುತ್ತಿರುತ್ತದೆ, ಕೊಯ್ಯುವಾಗ ಜೊಳ್ಳು. ಉಪ್ಪು ಅಳೆಯುವ ಕೈಯಳತೆಯ ರಿಫ್ರ್ಯಾಕ್ಟೋಮೀಟರ್ ಸಿಗುತ್ತದೆ, ಸಂಘಕ್ಕೆ ಒಂದು ಸಾಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಗದ್ದೆಯ ನೀರು ಮೂರು ನಾಲ್ಕು ಗ್ರಾಮಿಗೆ ಇಳಿಯುವವರೆಗೆ ಮೊಳಕೆ ಚೆಲ್ಲಬೇಡಿ. ಹೂ ಬಿಡುವ ಸಮಯದಲ್ಲಿ ದಿನಾ ಬೆಳಿಗ್ಗೆ ಬಾಗಿಲಿನ ಒಳಗೂ ಹೊರಗೂ ಅಳೆದು ಗೋಡೆಯ ಮೇಲೆ ಬರೆದಿಡಿ, ಎಲ್ಲರಿಗೂ ಕಾಣಲಿ. ಹಲಗೆ ಸೋರುತ್ತಿದ್ದರೆ ಆವತ್ತೇ ಗೊತ್ತಾಗುತ್ತದೆ.

ಊರಿನವರು ಒಪ್ಪದಿದ್ದರೆ? ಆಗ ಸುಮ್ನೆ ಒಬ್ಬರೇ ಒಡ್ಡು ಕಟ್ಟಿ ದುಡ್ಡು ಕಳೆದುಕೊಳ್ಳಬೇಡಿ. ಒಡೆದ ಜಾಗ ಹಾಗೇ ಇರಲಿ, ಉಬ್ಬರ ಬಂದು ಹೋಗಲಿ. ಪ್ರತಿ ಉಬ್ಬರವೂ ಒಂದಿಷ್ಟು ಕೆಸರು ತಂದು ಹಾಕುತ್ತದೆ. ತಗ್ಗು ನೆಲ ನಿಧಾನವಾಗಿ ಏರುತ್ತದೆ, ಏರಿದ ಕಡೆ ಕಾಂಡ್ಲಾ ತಾನೇ ಬರುತ್ತದೆ. ಸಮುದ್ರದ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಅದು ಸಣ್ಣ ಲಾಭವಲ್ಲ. ಆ ಸ್ಥಿತಿಯಲ್ಲೂ ತೋಡಿನಲ್ಲಿ ಏಡಿ, ಕಾಣೆ ಮೀನು ಸಿಗುತ್ತವೆ. ದುಡ್ಡು ಕಡಿಮೆ ನಿಜ. ನೆಲ ಮಾತ್ರ ಕೆಡುವುದಿಲ್ಲ. ಮುಂದೆ ಯಾವಾಗಾದರೂ ಊರಿಗೆ ಮನಸ್ಸು ಬಂದರೆ ಕಗ್ಗಕ್ಕೆ ವಾಪಸ್ ಹೋಗಬಹುದು. ಸಿಗಡಿ ಕೆರೆ ಅಗೆದ ನೆಲದಲ್ಲಿ ಆ ಅವಕಾಶ ಬಹಳ ಕಷ್ಟ.

ಈ ತಿಂಗಳೇ ಮಾಡಬಹುದಾದ ಕೆಲಸ ಒಂದಿದೆ. ಮುಂದಿನ ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಮೂರು ಎಕರೆಯ ನಾಲ್ಕೈದು ಕಡೆ ಬಿದಿರಿನ ಗೂಟ ನೆಟ್ಟು, ನೀರು ಏರಿದ ಮಟ್ಟಕ್ಕೆ ಬಣ್ಣದಿಂದ ಗುರುತು ಹಾಕಿ. ಇಳಿತದಲ್ಲಿ ಎಷ್ಟು ನೀರು ನಿಂತೇ ಉಳಿಯಿತು ಎಂದೂ ಗುರುತಿಸಿ. ಆ ಎರಡು ಗೆರೆ, ಮಣ್ಣಿನ ಎರಡು ಪಿಎಚ್, ಬಾಗಿಲಿನ ಹಲಗೆಗಳ ಸ್ಥಿತಿ, ಹರಾಜಿನ ಈಗಿನ ಕರಾರಿನ ಪ್ರತಿ, ಇಷ್ಟು ಸಿಕ್ಕರೆ ಸಂಘದ ಸಭೆಗೆ ಹೋಗಿ ಮಾತಾಡಲು ನಿಮ್ಮ ಹತ್ತಿರ ಗಟ್ಟಿ ವಿಷಯ ಇರುತ್ತದೆ. ಸಭೆಯನ್ನು ಹೊಸ ಹರಾಜಿನ ಮೊದಲೇ ಕರೆಯಿರಿ. ಹರಾಜು ಆದ ಮೇಲೆ ಒಂದು ವರ್ಷ ಏನೂ ಮಾಡಲಾಗದು.